ಹಗ್ಗ ಸಡಿಲವಾದಾಗ ಕೋಣ ಕಲಿಯುವ ಪಾಠ

ಕನ್ನಡ ಸುದ್ದಿಗಳ ಹೆಡ್‌ಲೈನ್‌ಗಳನ್ನು ಒಮ್ಮೆ ಗಮನಿಸಿ. ಬೆಲೆ ಏರಿಕೆಗೆ ಕಡಿವಾಣ, ಅಧಿಕಾರಿಗಳಿಗೆ ಲಗಾಮು, ಭಿನ್ನಮತೀಯರಿಗೆ ಮೂಗುದಾರ. ಯಾರನ್ನಾದರೂ ಹಿಡಿತಕ್ಕೆ ತರಬೇಕು ಅಂದ ತಕ್ಷಣ ನಮಗೆ ನೆನಪಾಗುವುದು ಕುದುರೆ, ಎತ್ತು, ಕೋಣಗಳ ಸಾಮಾನು. ಕಡಿವಾಣ ಕುದುರೆಯ ಬಾಯೊಳಗೆ ಕೂರುವ ಕಬ್ಬಿಣ. ಮೂಗುದಾರ ಎತ್ತು-ಕೋಣಗಳ ಹೊಳ್ಳೆಗಳ ನಡುವೆ ತೂತು ಮಾಡಿ ಹಾಯಿಸುವ ಹಗ್ಗ. ಎರಡೂ ಕೆಲಸ ಮಾಡುವುದು ಆ ಜಾಗ ನೋವಿಗೆ ಸೂಕ್ಷ್ಮ ಆಗಿರುವುದರಿಂದ.

ಆದರೆ ಪ್ರಾಣಿ ಕಲಿಯಬೇಕಾದ ಮೊದಲ ಪಾಠಕ್ಕೆ, ಅಂದರೆ ಮನುಷ್ಯನ ಜೊತೆ ಹೆಜ್ಜೆ ಹಾಕುವುದಕ್ಕೆ, ಇವೆರಡೂ ಬೇಕಾಗಿಲ್ಲ. ಮುಖದ ಸುತ್ತ ಹಾಕುವ ಸಾದಾ ಹಗ್ಗ ಸಾಕು. ಕುದುರೆ ಸಾಕುವವರು ಅದನ್ನು ಹಾಲ್ಟರ್ ಅನ್ನುತ್ತಾರೆ. ಪಾಪ, ಅದು ಯಾವ ಹೆಡ್‌ಲೈನಿಗೂ ಬಂದಿಲ್ಲ.

ನಾನಿರುವುದು ಮಂಗಳೂರಿನ ಕದ್ರಿಯಲ್ಲಿ. ‘ಕದ್ರಿ ಕಂಬಳ’ ಅನ್ನೋದು ಇವತ್ತು ಇಲ್ಲಿ ಒಂದು ವಿಳಾಸ. ಪಾರ್ಸೆಲ್ ತರುವ ಹುಡುಗನಿಗೆ, ರಿಕ್ಷಾದವರಿಗೆ ಹೇಳುವ ಹೆಸರು. ಆದರೆ ಚಳಿಗಾಲ ಬಂತೆಂದರೆ ಕರಾವಳಿಯ ಉಳಿದ ಕಡೆ ನಿಜವಾದ ಕಂಬಳ ಶುರು, ಅದರ ಬೆನ್ನಿಗೇ ನಮ್ಮ ಫೋನುಗಳಲ್ಲಿ ಜಗಳವೂ ಶುರು. ಒಂದು ಕಡೆ ‘ನಮ್ಮ ಸಂಸ್ಕೃತಿ’, ಇನ್ನೊಂದು ಕಡೆ ‘ಪ್ರಾಣಿಹಿಂಸೆ’. ಎರಡೂ ಕಡೆಯವರ ಕಣ್ಣು ಇರುವುದು ಕೆಸರಿನ ಕರೆಯಲ್ಲಿ ಕೋಣಗಳು ಓಡುವ ಆ ಹತ್ತು-ಹದಿನೈದು ಸೆಕೆಂಡುಗಳ ಮೇಲೆ, ಓಡಿಸುವವನ ಕೈಯ ಬೆತ್ತದ ಮೇಲೆ. ಆ ಕೋಣ ಮನುಷ್ಯನ ಮಾತು ಕೇಳಲು ಹೇಗೆ ಕಲಿಯಿತು ಅಂತ ಯಾರೂ ಕೇಳುವುದಿಲ್ಲ. ಹಿಂಸೆ ಇದೆಯೋ ಇಲ್ಲವೋ ಅನ್ನೋದು ಬಹುಪಾಲು ಅಲ್ಲೇ ತೀರ್ಮಾನವಾಗಿರುತ್ತದೆ.

ಬಲದ ಲೆಕ್ಕ ಇಲ್ಲಿ ನಡೆಯಲ್ಲ

ನಾನು ಓದಿದ್ದು ಎಂಜಿನಿಯರಿಂಗ್, ಹಾಗಾಗಿ ಮೊದಲು ಲೆಕ್ಕ. ಬೆಳೆದ ಕುದುರೆ ಅಥವಾ ಕೋಣದ ತೂಕ ಸುಮಾರು 500 ಕಿಲೋ. ಹಗ್ಗ ಹಿಡಿದವನದ್ದು 70. ಎಳೆದಾಟಕ್ಕೆ ಇಳಿದರೆ ಗೆಲ್ಲುವವರು ಯಾರು ಅಂತ ಹೇಳಬೇಕಾಗಿಲ್ಲ. ಅಂದಮೇಲೆ ಹಗ್ಗ ಬಲ ಸಾಗಿಸುವ ತಂತಿ ಆಗಲಾರದು. ಅದು ಸಿಗ್ನಲ್ ಸಾಗಿಸುವ ತಂತಿ ಆಗಬೇಕು.

ರೇಸ್ ಕುದುರೆಗಳಿಗೆ ಹೆಸರಾದ ಕುಣಿಗಲ್ ಇರಲಿ, ಬೇರೆ ಯಾವುದೇ ಸ್ಟಡ್ ಫಾರ್ಮ್ ಇರಲಿ, ಕುದುರೆ ಮರಿಗೆ ಈ ಸಿಗ್ನಲ್ ಕಲಿಸುವ ಕ್ರಮದ ತಿರುಳು ಒಂದೇ. ಮರಿ ತಾಯಿಯ ಜೊತೆ ಇರುವಾಗಲೇ ಮೈ ಮುಟ್ಟಿಸಿಕೊಳ್ಳುವುದನ್ನು ರೂಢಿ ಮಾಡಿಸುತ್ತಾರೆ. ಆಮೇಲೆ ಮುಖಕ್ಕೆ ಹಗ್ಗ. ತಾಯಿಯನ್ನು ಮುಂದೆ ನಡೆಸಿದರೆ ಮರಿ ಹೇಗೂ ಹಿಂದೆ ಹೊರಡುತ್ತದೆ. ಹಗ್ಗ ಅದರ ಜೊತೆ ಹೋಗುತ್ತದೆ, ಅಷ್ಟೇ.

ಕಷ್ಟ ಬರುವುದು ಮರಿ ನಿಂತಾಗ. ನೇರ ಮುಂದಕ್ಕೆ ಎಳೆದರೆ ಅದು ನಾಲ್ಕೂ ಕಾಲು ಊರಿ ಹಿಂದಕ್ಕೆ ಜಗ್ಗುತ್ತದೆ. ಇದು ಹಠ ಅಲ್ಲ, ಸಹಜ ಪ್ರತಿಕ್ರಿಯೆ. ನಮ್ಮೂರ ಮಾತಲ್ಲಿ ಹೇಳೋದಾದ್ರೆ, ನೀವು ಎಳೆದ್ರೆ ಅದೂ ಎಳೀತದೆ ಮಾರಾಯ್ರೆ. ಹಾಗಾಗಿ ಅನುಭವಿಗಳು ಹಗ್ಗವನ್ನು ಸ್ವಲ್ಪ ಪಕ್ಕಕ್ಕೆ ಒತ್ತಿ ಹಿಡಿಯುತ್ತಾರೆ. ಸಮತೋಲ ಕಾಯ್ದುಕೊಳ್ಳಲು ಮರಿ ಒಂದು ಹೆಜ್ಜೆ ಎತ್ತಿಡಲೇಬೇಕು. ಎತ್ತಿಟ್ಟ ಆ ಕ್ಷಣಕ್ಕೇ ಹಗ್ಗ ಸಡಿಲ.

ಇಡೀ ವಿದ್ಯೆ ಇರುವುದು ಈ ‘ಆ ಕ್ಷಣಕ್ಕೇ’ ಅನ್ನೋದರಲ್ಲಿ. ಯಾವಾಗ ಒತ್ತಡ ಹೋಯಿತೋ, ಅದಕ್ಕೆ ಸ್ವಲ್ಪ ಮೊದಲು ತಾನು ಏನು ಮಾಡಿದೆ ಅನ್ನೋದನ್ನು ಪ್ರಾಣಿ ನೆನಪಿಡುತ್ತದೆ. ಹೆಜ್ಜೆ ಇಟ್ಟ ಮೇಲೂ ಎಳೆಯುತ್ತಲೇ ಇದ್ದರೆ, ಮುಂದೆ ಬಂದರೂ ಬಿಡುಗಡೆ ಇಲ್ಲ ಅಂತ ಅದು ಕಲಿಯುತ್ತದೆ. ಮರಿ ತಲೆ ಕೊಡವಿದಾಗ ಹೆದರಿ ಹಗ್ಗ ಬಿಟ್ಟರೆ, ಕೊಡವಿದರೆ ಬಿಡುಗಡೆ ಅಂತ ಕಲಿಯುತ್ತದೆ. ಎರಡನೆಯದು ಆದ ಮೇಲೆ ‘ಈ ಪ್ರಾಣಿ ಸರಿ ಇಲ್ಲ’ ಅಂತ ಬೆತ್ತ ಹುಡುಕುವುದು ಮನುಷ್ಯರ ಅಭ್ಯಾಸ.

ಇನ್ನೂ ಮೂರು ನಿಯಮಗಳಿವೆ. ಒತ್ತಡಕ್ಕೆ ಮಣಿಯಲು ಕಲಿಯದ ಮರಿಯನ್ನು ಕಂಬಕ್ಕೆ ಬಿಗಿಯಾಗಿ ಕಟ್ಟಬಾರದು. ಗಾಬರಿಯಲ್ಲಿ ಜಗ್ಗಿ ಕುತ್ತಿಗೆಗೆ ಪೆಟ್ಟು ಮಾಡಿಕೊಳ್ಳುತ್ತದೆ. ಹಗ್ಗವನ್ನು ಕೈಗೆ ಸುತ್ತಿಕೊಳ್ಳಬಾರದು. ಅದು ಓಡಿದರೆ ನೀವೂ ಹಿಂದೆಯೇ. ಪಾಠ ಕೆಲವು ನಿಮಿಷದ್ದಾಗಿರಬೇಕು, ದಿನವೂ ಇರಬೇಕು.

ಕೋಣಕ್ಕೂ ಇದೇ ಪಾಠ

ಎಳೆ ಕೋಣದ ವಿಷಯದಲ್ಲೂ ತತ್ವ ಬದಲಾಗುವುದಿಲ್ಲ. ತಾಯಿಯ ಜಾಗದಲ್ಲಿ ಪಳಗಿದ ಹಿರಿಯ ಕೋಣ ಇದ್ದರೆ ಕಿರಿಯದು ಅದರ ಪಕ್ಕ ನಡೆಯುತ್ತದೆ, ಕೆಸರಿಗೆ ಇಳಿಯಲು ಅಂಜುವುದಿಲ್ಲ. ವ್ಯತ್ಯಾಸ ಬರುವುದು ಮೂಗಿನಲ್ಲಿ. ದುಡಿಯುವ ಎತ್ತು-ಕೋಣಗಳಿಗೆ ಮೂಗುದಾರ ಹಾಕುವುದು ನಮ್ಮಲ್ಲಿ ಊರೂರ ರೂಢಿ. 1960ರ ಪ್ರಾಣಿಹಿಂಸೆ ತಡೆ ಕಾಯ್ದೆಯ 11(3)(ಎ) ಕಲಮು ಕೂಡ ‘ನಿಗದಿತ ರೀತಿಯಲ್ಲಿ’ ಮೂಗುದಾರ ಹಾಕುವುದನ್ನು ಹಿಂಸೆಯ ಪಟ್ಟಿಯಿಂದ ಹೊರಗಿಡುತ್ತದೆ. ಅಂದರೆ ತೂತು ಮಾಡುವುದರ ಬಗ್ಗೆ ಕಾನೂನು ಮಾತಾಡಿದೆ. ಆ ಹಗ್ಗವನ್ನು ಎಷ್ಟು ಹೊತ್ತು ಎಳೆಯುತ್ತೀರಿ, ಯಾವಾಗ ಬಿಡುತ್ತೀರಿ ಅನ್ನೋದು ಕೊಟ್ಟಿಗೆಗೆ ಬಿಟ್ಟ ವಿಷಯ.

ಕಂಬಳದ ಕಾನೂನು ಕಥೆ ನಿಮಗೆ ಗೊತ್ತಿದೆ. 2014ರ ಮೇ 7ರಂದು ಸುಪ್ರೀಂ ಕೋರ್ಟ್ ಜಲ್ಲಿಕಟ್ಟು ನಿಷೇಧಿಸಿತು. 2016ರಲ್ಲಿ ಕರ್ನಾಟಕ ಹೈಕೋರ್ಟ್ ಕಂಬಳಕ್ಕೆ ತಡೆ ಕೊಟ್ಟಿತು. 2017ರಲ್ಲಿ ರಾಜ್ಯ ತಿದ್ದುಪಡಿ ತಂದಿತು. 2023ರ ಮೇ 18ರಂದು ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಪೀಠ ಆ ತಿದ್ದುಪಡಿಯನ್ನು ಎತ್ತಿ ಹಿಡಿಯಿತು. ನಿಯಮಗಳ ಕಟ್ಟುನಿಟ್ಟಿನ ಪಾಲನೆಯ ಹೊಣೆಯನ್ನು ಜಿಲ್ಲಾ ಮ್ಯಾಜಿಸ್ಟ್ರೇಟರು ಮತ್ತು ಸಂಬಂಧಪಟ್ಟ ಅಧಿಕಾರಿಗಳ ಮೇಲೆ ಹಾಕಿತು. ಆದರೆ ಅಧಿಕಾರಿಗಳು ಬರುವುದು ಕಂಬಳದ ದಿನ. ಎಳೆ ಕೋಣ ಹಗ್ಗ ಕಲಿಯುವುದು ಅದಕ್ಕೂ ಎಷ್ಟೋ ತಿಂಗಳು ಮೊದಲು, ಯಾವುದೋ ಗದ್ದೆಯ ಬದಿಯಲ್ಲಿ.

ಕೋಣಗಳಿಗೆ ಎಣ್ಣೆ ತಿಕ್ಕಿ, ಹುರುಳಿ ಬೇಯಿಸಿ ಹಾಕಿ, ಮಕ್ಕಳ ಹಾಗೆ ಸಾಕುವ ಯಜಮಾನರಿಗೆ ಈ ಪ್ರಶ್ನೆ ಅವಮಾನ ಅನಿಸಬೇಕಾಗಿಲ್ಲ. ಚೆನ್ನಾಗಿ ಪಳಗಿಸಿದವರಿಗೆ ಇದು ತಮ್ಮ ಕಸುಬು ತೋರಿಸುವ ಅವಕಾಶ. ವಿರೋಧಿಸುವವರಿಗೂ ‘ನಿಷೇಧಿಸಿ’ ಅನ್ನೋದಕ್ಕಿಂತ ನಿಖರವಾದ ಬೇಡಿಕೆ ಸಿಗುತ್ತದೆ: ತರಬೇತಿಯ ಹಂತಕ್ಕೂ ನಿಯಮ ಬರಲಿ, ಮುಖದ ಹಗ್ಗದಲ್ಲಿ ನಡೆಯಲು ಕಲಿತ ಕೋಣಕ್ಕೆ ಮಾತ್ರ ಕರೆಗೆ ಇಳಿಯುವ ಅರ್ಹತೆ ಇರಲಿ.

ಅಳೆಯೋದು ಹೇಗೆ ಅಂತೀರಾ? 2020ರ ಫೆಬ್ರವರಿಯಲ್ಲಿ ಐಕಳ ಕಂಬಳದ 142.5 ಮೀಟರ್ ಓಟದ 13.62 ಸೆಕೆಂಡು ದೇಶವೆಲ್ಲ ಸುದ್ದಿಯಾಯಿತು. ಸೆಕೆಂಡಿನ ನೂರನೇ ಒಂದು ಭಾಗ ಅಳೆಯಲು ಬಂದವರಿಗೆ ಒಂದು ಹಗ್ಗ ಬಿಗಿಯಾಗಿದೆಯೋ ಸಡಿಲವಾಗಿದೆಯೋ ನೋಡೋದು ಕಷ್ಟವೇ?

ನೀವೂ ನೋಡಬಹುದು. ಮುಂದಿನ ಸಲ ಕಂಬಳಕ್ಕೆ ಹೋದರೆ ಓಟ ಶುರುವಾಗುವ ಮೊದಲೇ ತಲುಪಿ, ಕೋಣಗಳನ್ನು ಲಾರಿಯಿಂದ ಇಳಿಸಿ ಕರೆಯ ಕಡೆ ನಡೆಸಿಕೊಂಡು ಬರುವ ದಾರಿಯಲ್ಲಿ ನಿಲ್ಲಿ. ಕೆಲವು ಜೋಡಿಗಳ ಹಗ್ಗ ಜೋತು ಬಿದ್ದಿರುತ್ತದೆ. ಕೆಲವನ್ನು ನಾಲ್ಕು ಜನ ಜಗ್ಗುತ್ತಿರುತ್ತಾರೆ. ಎರಡರ ಫೋಟೊವನ್ನೂ ತೆಗೆಯಿರಿ.