ಕೋಟೆಯ ಏಣಿ, ಬೋರ್ಡಿನ ಪರೀಕ್ಷೆ

ಹೆಗ್ಗಡದೇವನಕೋಟೆ ಅಂದರೆ ಹೊರಗಿನವರಿಗೆ ಕಬಿನಿ, ಆನೆ, ರೆಸಾರ್ಟು. ಮೇಷ್ಟ್ರುಗಳ ವಲಯದಲ್ಲಿ ಕೋಟೆಗೆ ಬೇರೆಯದೇ ಹೆಸರಿದೆ. ರಾಜ್ಯದ ಸರ್ಕಾರಿ ಶಾಲೆಗಳ ಚಿಕ್ಕ ತರಗತಿಗಳಲ್ಲಿ ಇವತ್ತು ನಡೆಯುವ ನಲಿ-ಕಲಿ ಪದ್ಧತಿ ಮೊದಲು ಚಿಗುರಿದ್ದು ಈ ತಾಲ್ಲೂಕಿನಲ್ಲಿ, 1995ರಲ್ಲಿ. ಆಂಧ್ರದ ಮದನಪಲ್ಲಿ ಹತ್ತಿರದ ರಿಷಿ ವ್ಯಾಲಿಗೆ ಹೋಗಿ ಅಲ್ಲಿನ ಹಳ್ಳಿ ಶಾಲೆಗಳನ್ನು ಕಂಡು ಬಂದ ಕೋಟೆಯ ಶಿಕ್ಷಕರು, ಯುನಿಸೆಫ್ ನೆರವಿನಲ್ಲಿ, ನಮ್ಮ ಮಕ್ಕಳಿಗೆ ಒಗ್ಗುವ ಹಾಗೆ ಅದನ್ನು ಇಲ್ಲಿ ಕಟ್ಟಿದರು. 2009-10ರ ಹೊತ್ತಿಗೆ ಅದು ಇಡೀ ರಾಜ್ಯಕ್ಕೆ ಹಬ್ಬಿತು.

ನಲಿ-ಕಲಿ ಕೋಣೆಯೊಳಗೆ ಹೋದರೆ ಬೆಂಚುಗಳಿರುವುದಿಲ್ಲ. ಮಕ್ಕಳು ನೆಲದ ಮೇಲೆ ಗುಂಪು ಗುಂಪಾಗಿ ಕೂತಿರುತ್ತಾರೆ. ಒಂದು ಗುಂಪಿಗೆ ಮೇಷ್ಟ್ರೇ ಬೇಕು, ಇನ್ನೊಂದಕ್ಕೆ ಜೊತೆಯ ಹುಡುಗಿ ಸಾಕು, ಮತ್ತೊಂದು ತನ್ನಷ್ಟಕ್ಕೆ ತಾನೇ ಕಲಿಯುತ್ತದೆ. ಗೋಡೆಯಲ್ಲಿ ಕಲಿಕಾ ಏಣಿ. ಮಗು ಎದ್ದು ಬಂದು ತಾನಿರುವ ಮೆಟ್ಟಿಲನ್ನು ಬೆರಳಿಟ್ಟು ಹುಡುಕುತ್ತದೆ, ಅಲ್ಲಿರುವ ಚಿತ್ರವನ್ನೇ ಹೊತ್ತ ಕಾರ್ಡನ್ನು ಆರಿಸಿಕೊಂಡು ಹೋಗಿ ಕೂರುತ್ತದೆ. ಕೆಳಗೆ, ಮಗುವಿನ ಕೈಗೆಟುಕುವ ಎತ್ತರದಲ್ಲಿ, ಗೋಡೆಗೇ ಬಳಿದ ಕಪ್ಪು ಹಲಗೆ. ಇಲ್ಲಿ ಪರೀಕ್ಷೆ ಇಲ್ಲ ಅಂದುಕೊಂಡರೆ ತಪ್ಪು. ಮೌಲ್ಯಮಾಪನ ಏಣಿಯೊಳಗೇ ಒಂದು ಮೆಟ್ಟಿಲು. ಅದು ದಾಟದಿದ್ದರೆ ಮತ್ತೆ ಅಭ್ಯಾಸದ ಕಾರ್ಡು, ಆಮೇಲೆ ಮತ್ತೆ ಪ್ರಯತ್ನ. ಹದಿನೈದು ದಿನ ಶಾಲೆಗೆ ಬರದ ಮಗು ಬಿಟ್ಟ ಮೆಟ್ಟಿಲಿನಿಂದಲೇ ಹತ್ತಬಹುದು.

ಈ ಕೊನೆಯ ಮಾತು ಕೋಟೆಗೆ ಎಷ್ಟು ಮುಖ್ಯ ಎಂಬುದು ಆದಿವಾಸಿ ಹಾಡಿಗಳನ್ನು ಬಲ್ಲವರಿಗೆ ಗೊತ್ತು. ಕಾಫಿ ಕೊಯ್ಲಿನ ಕಾಲಕ್ಕೆ ಜೇನು ಕುರುಬ, ಬೆಟ್ಟ ಕುರುಬ, ಯರವ ಸಂಸಾರಗಳು ಕೊಡಗಿನ ಎಸ್ಟೇಟುಗಳಿಗೆ ಹೊರಡುತ್ತವೆ. ಮಕ್ಕಳನ್ನು ಬಿಟ್ಟುಹೋಗುವುದು ಯಾರ ಹತ್ತಿರ? ಹುಣಸೂರು, ಪಿರಿಯಾಪಟ್ಟಣದ ಕಡೆ ಹೊಗೆಸೊಪ್ಪಿನ ಪಂಚಾಂಗ. ಮಳೆಗಾಲದಲ್ಲಿ ಎಲೆ ಮುರಿಯುವುದು ಶುರುವಾದರೆ ಅದನ್ನು ಹದ ಮಾಡುವ ಬ್ಯಾರನ್‌ಗಳು ಹಗಲು ರಾತ್ರಿ ಉರಿಯುತ್ತವೆ. ಕಡ್ಡಿಗೆ ಎಲೆ ಕಟ್ಟಲು ಮನೆಯ ಎಲ್ಲ ಕೈಗಳೂ ಬೇಕು. ಕಟ್ಟೆಮಳಲವಾಡಿ, ಕಂಪಲಾಪುರದ ಹರಾಜು ಮುಗಿಯುವವರೆಗೆ ಮನೆಯವರ ಗಮನ ಬೇರೆ ಕಡೆ ಹೋಗುವುದಿಲ್ಲ. ಕೃಷ್ಣರಾಜನಗರದ ನಾಲೆ ಬಯಲಿನ ಕಥೆ ಇನ್ನೊಂದು. ಅಲ್ಲಿ ಬೆಳಿಗ್ಗೆ ಊರೊಳಗೆ ಬರುವ ಕಾನ್ವೆಂಟ್ ವ್ಯಾನು ಶಕ್ತಿಯಿದ್ದವರ ಮಕ್ಕಳನ್ನು ಹತ್ತಿಸಿಕೊಂಡು ಹೋಗುತ್ತದೆ, ಉಳಿದವರು ಸರ್ಕಾರಿ ಶಾಲೆಗೆ.

ಈ ನಾಲ್ಕೂ ಕಡೆಯ ಹತ್ತು ವರ್ಷದ ಮಗುವಿಗೆ ಬೆಂಗಳೂರಿನಿಂದ ಒಂದೇ ಪ್ರಶ್ನೆಪತ್ರಿಕೆ ಕಳಿಸುವ ಯೋಚನೆ ಬಂದದ್ದು 2022ರ ಡಿಸೆಂಬರಿನಲ್ಲಿ. ಐದು ಮತ್ತು ಎಂಟನೇ ತರಗತಿಗೆ ಮಂಡಳಿ ಮಟ್ಟದ ಮೌಲ್ಯಾಂಕನ ಎಂದಿತು ಸರ್ಕಾರ. ಯಾರನ್ನೂ ಫೇಲು ಮಾಡುವುದಿಲ್ಲ, ಕೋವಿಡ್‌ನಲ್ಲಿ ತಪ್ಪಿದ ಕಲಿಕೆ ಎಷ್ಟೆಂದು ನೋಡುತ್ತೇವೆ ಅಷ್ಟೆ ಎಂಬ ಸಮಾಧಾನವೂ ಜೊತೆಗಿತ್ತು. ಖಾಸಗಿ ಶಾಲೆಗಳ ಸಂಘಟನೆಗಳು ಕೋರ್ಟಿಗೆ ಹೋದವು. ಎಂಟನೇ ತರಗತಿ ಮುಗಿಯುವವರೆಗೆ ಯಾವ ಮಗುವೂ ಬೋರ್ಡ್ ಪರೀಕ್ಷೆ ಪಾಸು ಮಾಡಬೇಕಿಲ್ಲ ಎಂದು 2009ರ ಶಿಕ್ಷಣ ಹಕ್ಕು ಕಾಯ್ದೆಯ 30ನೇ ಸೆಕ್ಷನ್ ಹೇಳುತ್ತದೆ. ಹೈಕೋರ್ಟಿನ ಏಕಸದಸ್ಯ ಪೀಠ ಬೇಡವೆಂದಿತು, ವಿಭಾಗೀಯ ಪೀಠ ಆಗಲಿ ಎಂದಿತು, 2023ರ ಮಾರ್ಚ್ ಕೊನೆಗೆ ಪರೀಕ್ಷೆ ನಡೆಯಿತು.

ಮರುವರ್ಷ ಸರ್ಕಾರ ಬದಲಾಗಿತ್ತು, ಬುದ್ಧಿ ಬದಲಾಗಿರಲಿಲ್ಲ. ಒಂಬತ್ತು ಮತ್ತು ಹನ್ನೊಂದನೇ ತರಗತಿಗಳೂ ಸೇರಿದವು. 2024ರ ಮಾರ್ಚ್ 6ರಂದು ಏಕಸದಸ್ಯ ಪೀಠ ಅಧಿಸೂಚನೆ ರದ್ದು ಮಾಡಿತು. ಮರುದಿನ ವಿಭಾಗೀಯ ಪೀಠ ಆ ಆದೇಶಕ್ಕೆ ತಡೆ ಕೊಟ್ಟಿತು. 11ಕ್ಕೆ ಮಕ್ಕಳು ಪರೀಕ್ಷೆಗೆ ಕೂತರು. 12ಕ್ಕೆ ಸುಪ್ರೀಂ ಕೋರ್ಟ್ ಆ ತಡೆಗೇ ತಡೆ ಹಾಕಿತು. 22ಕ್ಕೆ ಮತ್ತೆ ವಿಭಾಗೀಯ ಪೀಠದ ಒಪ್ಪಿಗೆ, 25ರಿಂದ ಉಳಿದ ಪತ್ರಿಕೆಗಳು. ಏಪ್ರಿಲ್ 8ರಂದು, ಶಾಲೆಗಳಲ್ಲಿ ಫಲಿತಾಂಶ ಪ್ರಕಟವಾಗುತ್ತಿದ್ದಾಗಲೇ, ಅದಕ್ಕೂ ಸುಪ್ರೀಂ ಕೋರ್ಟಿನ ತಡೆ ಬಂತು. ಐದನೇ ತರಗತಿಯ ಮಗುವಿಗೆ ಇದನ್ನು ವಿವರಿಸಬೇಕಾದ ಮೇಷ್ಟ್ರ ಪಾಡು ಯಾರಿಗೂ ಬೇಡ.

ವ್ಯಾಜ್ಯದ ಗದ್ದಲದಲ್ಲಿ ಮೂಲ ಪ್ರಶ್ನೆ ಹಿಂದೆ ಸರಿಯಿತು: ಪರೀಕ್ಷೆ ಯಾರಿಗೆ? ಸರ್ಕಾರಿ ಶಾಲೆ ತೆರಿಗೆ ಹಣದಲ್ಲಿ ನಡೆಯುತ್ತದೆ, ಅದರ ಲೆಕ್ಕ ಕೇಳಲೇಬೇಕು. ಐದನೇ ತರಗತಿಗೆ ಬಂದ ಮಗು ಒಂದು ಪುಟ ಓದಲಾರದೆ ಹೋದರೆ ಅದು ಸಣ್ಣ ಮಾತಲ್ಲ. ಮುಂದಕ್ಕೆ ತಳ್ಳಿಬಿಡುವುದು ಕರುಣೆಯೂ ಅಲ್ಲ. ಆದರೆ ಲೆಕ್ಕ ಕೊಡಬೇಕಾದವರು ಇಲಾಖೆ, ಶಾಲೆ. ಅವರ ಬದಲು ಹಾಲ್‌ಗೆ ಹೋಗಿ ಕೂರುವುದು ಮಗು.

ಎಸ್ಸೆಸ್ಸೆಲ್ಸಿಯಲ್ಲಿ ಇದರ ಪೂರ್ಣಾವತಾರ ಕಾಣಬಹುದು. ಫಲಿತಾಂಶ ಬಂದ ದಿನ ಜಿಲ್ಲೆಗಳಿಗೆ ಸ್ಥಾನ, ತಾಲ್ಲೂಕುಗಳಿಗೆ ಸ್ಥಾನ. ಕೆಳಗಿನ ಸ್ಥಾನದ ಕ್ಷೇತ್ರ ಶಿಕ್ಷಣಾಧಿಕಾರಿಗೆ (ಬಿಇಒ) ಸಭೆಯಲ್ಲಿ ತರಾಟೆ, ಅಲ್ಲಿಂದ ಮುಖ್ಯ ಶಿಕ್ಷಕರಿಗೆ ನೋಟಿಸು, ಅಲ್ಲಿಂದ ಗಣಿತದ ಮೇಷ್ಟ್ರಿಗೆ. ಅವರ ಕೈಯಲ್ಲಿರುವುದು ‘ಪಾಸಿಂಗ್ ಪ್ಯಾಕೇಜ್’. ಡಿಸೆಂಬರ್ ದಾಟಿದ ಮೇಲೆ ಹಿಂದುಳಿದ ಮಕ್ಕಳನ್ನು ಬೇರೆ ಕೂರಿಸಿ, ಖಂಡಿತ ಬರುವ ಪ್ರಶ್ನೆ, ಚಿತ್ರ, ನಕ್ಷೆ, ಪ್ರಮೇಯ ಇಷ್ಟನ್ನೇ ತಿದ್ದಿಸುವುದು. ಇದರಿಂದ ಪಾಸಾದ ಹುಡುಗನಿಗೆ ಪ್ರಯೋಜನ ಇಲ್ಲವೆನ್ನಲಾರೆ, ಕೈಗೆ ಅಂಕಪಟ್ಟಿ ಬರುತ್ತದೆ. ಕಲಿತನೇ ಎಂದು ಮಾತ್ರ ಕೇಳಬೇಡಿ.

ಈ ಸ್ಥಾನಗಳನ್ನು ನಿರ್ಧರಿಸುವ ಶೇಕಡಾವಾರು ಎಷ್ಟು ಗಟ್ಟಿ ಎಂಬುದನ್ನು 2024 ತೋರಿಸಿಕೊಟ್ಟಿತು. ಪರೀಕ್ಷಾ ಕೊಠಡಿಗಳಿಗೆ ಕ್ಯಾಮೆರಾ, ವೆಬ್‌ಕಾಸ್ಟಿಂಗ್ ಬಂತು. ಹಿಂದಿನ ವರ್ಷ 83.89 ಇದ್ದ ಫಲಿತಾಂಶ 73.40ಕ್ಕೆ ಇಳಿಯಿತು. ಅದೂ ಕೃಪಾಂಕವನ್ನು ಶೇ 10ರಿಂದ ಶೇ 20ಕ್ಕೆ ಏರಿಸಿ ಎತ್ತಿ ಹಿಡಿದ ಮೇಲೆ. 2025ರಲ್ಲಿ ಆ ಹೆಚ್ಚುವರಿ ಕೃಪೆ ಇರಲಿಲ್ಲ, ಮೊದಲ ಪರೀಕ್ಷೆಯ ಫಲಿತಾಂಶ 62.34. ಎರಡು ವರ್ಷದಲ್ಲಿ ರಾಜ್ಯದ ಮಕ್ಕಳು ಇಷ್ಟು ದಡ್ಡರಾದರೇ? ಬದಲಾದದ್ದು ಅಳತೆಗೋಲು. ಹಳೆಯ ಅಂಕಿಗಳನ್ನು ನಂಬಿ ಸನ್ಮಾನ ಮಾಡಿಸಿಕೊಂಡವರು, ಬೈಸಿಕೊಂಡವರು ಇಬ್ಬರೂ ಇದ್ದಾರೆ.

ಅಮೆರಿಕ ಈ ದಾರಿಯಲ್ಲಿ ನಮಗಿಂತ ಮೊದಲೇ ನಡೆದು ಎಡವಿದೆ. ಅಧ್ಯಕ್ಷ ಬುಷ್ 2002ರ ಜನವರಿಯಲ್ಲಿ ಸಹಿ ಹಾಕಿದ ‘ನೋ ಚೈಲ್ಡ್ ಲೆಫ್ಟ್ ಬಿಹೈಂಡ್’ ಕಾಯ್ದೆ ಮೂರರಿಂದ ಎಂಟನೇ ತರಗತಿವರೆಗೆ ಪ್ರತಿ ವರ್ಷ ಓದು-ಗಣಿತದ ಪರೀಕ್ಷೆ ಕಡ್ಡಾಯ ಮಾಡಿತು. 2014ರೊಳಗೆ ಎಲ್ಲ ಮಕ್ಕಳೂ ನಿಗದಿತ ಮಟ್ಟ ಮುಟ್ಟಬೇಕು, ತಪ್ಪಿದ ಶಾಲೆಗೆ ಶಿಕ್ಷೆ. ಗುರಿ ಮುಟ್ಟಲಿಲ್ಲ. ಅಟ್ಲಾಂಟಾದಲ್ಲಿ ಶಿಕ್ಷಕರೇ ಕೂತು ಮಕ್ಕಳ ಉತ್ತರ ಅಳಿಸಿ ತಿದ್ದಿದ್ದು 2011ರ ತನಿಖೆಯಲ್ಲಿ ಬಯಲಾಯಿತು. ತನಿಖಾ ವರದಿಯಲ್ಲಿದ್ದ ಶಿಕ್ಷಕರು, ಮುಖ್ಯೋಪಾಧ್ಯಾಯರು 178 ಮಂದಿ. 2015ರಲ್ಲಿ ಕಾಯ್ದೆಯನ್ನೇ ಬದಲಿಸಿದರು. ಆ ವಾರ್ಷಿಕ ಪರೀಕ್ಷೆಯಿಂದಲೂ ಒಂದು ಉಪಕಾರವಿತ್ತು: ಕಪ್ಪು ಮಕ್ಕಳು, ಬಡ ಮಕ್ಕಳು, ಅಂಗವಿಕಲ ಮಕ್ಕಳ ಅಂಕಗಳನ್ನು ಪ್ರತ್ಯೇಕವಾಗಿ ತೋರಿಸಬೇಕಿತ್ತು. ಶಾಲೆಯ ಸರಾಸರಿಯ ಹಿಂದೆ ಯಾರನ್ನೂ ಅಡಗಿಸುವಂತಿರಲಿಲ್ಲ. ನಮ್ಮ ತಾಲ್ಲೂಕು ಸ್ಥಾನಪಟ್ಟಿಯಲ್ಲಿ ಆ ಗುಣ ಇಲ್ಲ. ಹುಣಸೂರಿನ ಶೇಕಡಾವಾರಿನಲ್ಲಿ ನಾಗರಹೊಳೆ ಅಂಚಿನ ಹಾಡಿಯ ಹುಡುಗಿ ಎಲ್ಲಿದ್ದಾಳೆಂದು ಯಾರಿಗೂ ಕಾಣುವುದಿಲ್ಲ.

ಮಗುವನ್ನು ಬೆದರಿಸದೆ ಶಾಲಾ ವ್ಯವಸ್ಥೆಯನ್ನು ಅಳೆಯುವ ದಾರಿ ನಮ್ಮಲ್ಲಿ ಇಲ್ಲದೇ ಇಲ್ಲ. 2024ರ ಡಿಸೆಂಬರ್ 4ರಂದು ದೇಶದಾದ್ಯಂತ ನಡೆದ ‘ಪರಖ್’ ಸಮೀಕ್ಷೆ ಮೂರು, ಆರು, ಒಂಬತ್ತನೇ ತರಗತಿಗಳ ಆಯ್ದ ಮಕ್ಕಳನ್ನಷ್ಟೇ ಕೂರಿಸಿತು. ಯಾವ ಮಗುವಿಗೂ ಅಂಕಪಟ್ಟಿ ಇಲ್ಲ, ಸಿಗುವುದು ಜಿಲ್ಲೆಯ ಚಿತ್ರ. ‘ಪ್ರಥಮ್’ ಸಂಸ್ಥೆಯ ‘ಅಸರ್’ 2005ರಿಂದ ಮನೆ ಮನೆಗೆ ಹೋಗಿ ಎರಡನೇ ತರಗತಿಯ ಪಾಠ ಓದಿಸಿ, ಒಂದು ಕಳೆಯುವ ಲೆಕ್ಕ ಮಾಡಿಸಿ ನೋಡುತ್ತಿದೆ. ಇಷ್ಟು ಸಾಲದೆಂದರೆ ಏಣಿಯಂತೂ ಗೋಡೆಯ ಮೇಲೇ ಇದೆ. ಯಾವ ಮಗು ಎಷ್ಟನೇ ಮೆಟ್ಟಿಲಿನಲ್ಲಿ ಎಷ್ಟು ದಿನದಿಂದ ನಿಂತಿದೆ ಎಂದು ಅದು ಹೇಳುತ್ತದೆ. ನಾಲ್ಕನೇ ತರಗತಿಗೆ ಬಂದ ಕೂಡಲೇ ಅದನ್ನು ಇಳಿಸಿ ಬೆಂಚು ಹಾಕಿ, ಐದಕ್ಕೆ ಬೋರ್ಡ್ ಪತ್ರಿಕೆ ತಂದ ಆತುರವೇಕೋ ನನಗಂತೂ ತಿಳಿಯದು.

ಲೆಕ್ಕ ಕೇಳುವ ಮನಸ್ಸಿದ್ದರೆ ಬಿಇಒ ಸಭೆಯಲ್ಲಿ ತಾಲ್ಲೂಕುವಾರು ಶೇಕಡಾ ಪಟ್ಟಿ ತೆಗೆಯುವ ಮೊದಲು ಎರಡು ಕಾಗದ ಮೇಜಿನ ಮೇಲೆ ಬರಲಿ. ಒಂದರಲ್ಲಿ, ಯಾವ ಶಾಲೆಯಲ್ಲಿ ಯಾವ ವಿಷಯದ ಹುದ್ದೆ ಎಂದಿನಿಂದ ಖಾಲಿ ಎಂಬುದು. ಇನ್ನೊಂದರಲ್ಲಿ, ಕೊಯ್ಲಿಗೆ ಕೊಡಗಿಗೆ ಹೋದ ಮಕ್ಕಳಲ್ಲಿ ಎಷ್ಟು ಜನ ವಾಪಸು ಬಂದರು ಎಂಬುದು. ಈ ಎರಡಕ್ಕೂ ಉತ್ತರ ಬರೆಯಬೇಕಾದವರು ದೊಡ್ಡವರು.