ಆಳವಾದ ಬಸ್ಕಿ

ನೆಲದ ಮೇಲೆ ಕುಕ್ಕರಗಾಲಿನಲ್ಲಿ ಕುಳಿತು ಬೆಳೆದ ನಾವು, ಕುರ್ಚಿಗೆ ಒಗ್ಗಿದ ಮೇಲೆ ಆ ಅಭ್ಯಾಸವನ್ನೇ ಮರೆತಿದ್ದೇವೆ. ಗರಡಿಯ ಬಸ್ಕಿಯಲ್ಲಿ ಹಿಮ್ಮಡಿ ಎತ್ತುವುದು ಕ್ರಮವೇ. ಪಾದವನ್ನು ಪೂರ್ತಿಯಾಗಿ ಊರಿ ಆಳಕ್ಕೆ ಇಳಿಯುವುದು ಬೇರೆ. ಅದರಲ್ಲಿ ಅನೇಕರಿಗೆ ಅರ್ಧದಲ್ಲಿಯೇ ಹಿಮ್ಮಡಿ ಏಳುತ್ತದೆ, ಇಲ್ಲವೆ ಬೆನ್ನು ಬಾಗುತ್ತದೆ. ಆಗ ನಾವು ಮಂಡಿಯನ್ನು ದೂರುತ್ತೇವೆ. ದೋಷವಿರುವುದು ಬಹುವೇಳೆ ಬಿಗಿದ ಕಾಲಿನ ಹರಡಿನಲ್ಲಿ. ಹರಡು ಬಾಗದಿದ್ದರೆ ಮಂಡಿ ಮುಂದೆ ಸರಿಯಲಾರದು. ಹೆಬ್ಬೆರಳನ್ನು ಗೋಡೆಯಿಂದ 4 ಅಂಗುಲ ದೂರವಿಟ್ಟು, ಹಿಮ್ಮಡಿ ಎತ್ತದೆ ಮಂಡಿಯನ್ನು ಗೋಡೆಗೆ ಮುಟ್ಟಿಸಿ ನೋಡಿರಿ. ಮುಟ್ಟದಿದ್ದರೆ, ಇನ್ನೂ ಹತ್ತಿರ ನಿಂತು ದಿನವೂ ಅದನ್ನೇ ಅಭ್ಯಾಸಮಾಡತಕ್ಕದ್ದು. ಅಲ್ಲಿಯವರೆಗೆ ಬಸ್ಕಿಯಲ್ಲಿ ಹಿಮ್ಮಡಿಗಳ ಕೆಳಗೆ ತೆಳುವಾದ ಹಲಗೆಯಿರಲಿ. ಮಂಡಿಗಳು ಕಾಲ್ಬೆರಳುಗಳ ದಿಕ್ಕಿಗೇ ಬಾಗಲಿ. ನೋವಾದರೆ ನಿಲ್ಲಿಸಿರಿ. ಮುಪ್ಪಿನಲ್ಲಿ ಪರರ ಕೈ ಹಿಡಿಯದೆ ನೆಲದಿಂದ ಏಳಬೇಕೆಂಬ ಆಸೆ ನಮಗಿದ್ದರೆ, ಈ ಸಾಧನೆಗೆ ಇದೇ ಕಾಲ.