ಮಾಗಿಯ ಕಾಲದಲ್ಲಿ ಹೂದೋಟದ ಕಳೆ

ನಂಜನಗೂಡು, ತಿರುಮಕೂಡಲು ನರಸೀಪುರ ತಾಲ್ಲೂಕುಗಳಲ್ಲಿ ಮನೆಯ ಹಿತ್ತಿಲಿನಲ್ಲಿ ಎರಡು ಮೂರು ಗುಂಟೆಯಷ್ಟಾದರೂ ಮಲ್ಲಿಗೆ, ಕನಕಾಂಬರ, ಸೇವಂತಿಗೆಗಳನ್ನು ಬೆಳೆಯುವ ಮನೆತನಗಳುಂಟು. ಪೂಜೆಗೂ ಮುಡಿಗೂ ಒದಗಿ ಮಿಕ್ಕ ಹೂವು ಪೇಟೆಗೆ ಹೋಗಿ ನಾಲ್ಕು ಕಾಸನ್ನೂ ತರುವುದು. ಇಂತಹ ತೋಟಗಳು ಹಾಳಾಗುವುದು ರೋಗದಿಂದ ಅಥವಾ ಹುಳುವಿನಿಂದ ಎಂದು ಸಾಮಾನ್ಯವಾಗಿ ಭಾವಿಸುವರು. ಆದರೆ ನಾನು ಸಂಚಾರದಲ್ಲಿ ಕಂಡ ಮಟ್ಟಿಗೆ, ಯಜಮಾನನು ಬೇಸತ್ತು ಕಿತ್ತುಹಾಕಿಸಿದ ಮಲ್ಲಿಗೆ ತೋಟಗಳಲ್ಲಿ ಹಲವು ಕಳೆಗೆ ಸೋತವುಗಳು. ಅದರಲ್ಲಿಯೂ ಒಂದೇ ಕಳೆಗೆ. ಅದು ಜೇಕು. ಇದನ್ನೇ ಕೊನ್ನಾರಿ ಗಡ್ಡೆಯೆಂದೂ ತುಂಗೆ ಹುಲ್ಲೆಂದೂ ಕರೆಯುವರು.

ಜೇಕನ್ನು ಗುದ್ದಲಿಯಿಂದ ಕೆತ್ತಿಸಿದಷ್ಟೂ ಅದು ಹೆಚ್ಚುವುದೆಂಬುದು ರೈತರೆಲ್ಲರಿಗೂ ಗೊತ್ತು. ಹಾಗೇಕೆಂಬುದನ್ನು ತಿಳಿದರೆ ಉಪಾಯವೂ ತಾನಾಗಿ ತೋರುವುದು. ಈ ಹುಲ್ಲಿನ ಬೀಜ ಮೊಳೆಯುವುದು ಬಹಳ ಅಪರೂಪ. ಅದರ ವಂಶವೆಲ್ಲವೂ ನೆಲದೊಳಗಿನ ಗಡ್ಡೆಗಳಿಂದಲೇ ಬೆಳೆಯತಕ್ಕದ್ದು. ಜಪಮಾಲೆಯ ಮಣಿಗಳಂತೆ ಗಡ್ಡೆಗಳು ಒಂದೇ ಎಳೆಯಲ್ಲಿ ಪೋಣಿಸಿಕೊಂಡಿರುವುವು. ಎಳೆ ಅಖಂಡವಾಗಿರುವವರೆಗೂ ತುದಿಯ ಗಡ್ಡೆಯು ಚಿಗುರಿ ಉಳಿದವುಗಳನ್ನು ಹೆಚ್ಚಾಗಿ ನಿದ್ರೆಯಲ್ಲಿಟ್ಟಿರುವುದು. ಗುದ್ದಲಿಯ ಏಟಿಗೆ ಎಳೆ ತುಂಡಾದೊಡನೆ ಮಲಗಿದ್ದ ಗಡ್ಡೆಗಳು ಎಚ್ಚತ್ತು ಒಂದೊಂದೂ ಬೇರೆ ಬೇರೆ ಗಿಡವಾಗುವುವು. ಒಂದು ಪೊದೆಯಿದ್ದ ಕಡೆ ಹತ್ತು ಕಾಣುವುದು ಇದರಿಂದಲೇ. ಕೂಲಿ ಕೊಟ್ಟು ಕಳೆಯನ್ನು ನಾಟಿ ಮಾಡಿಸಿದಂತಾಗುವುದು.

ಹಿಮ ಬೀಳುವ ದೇಶಗಳ ತೋಟಗಾರರಿಗೆ ಈ ಹುಲ್ಲಿನ ಕಾಟವಿಲ್ಲ. ಚಳಿಗಾಲದಲ್ಲಿ ಅಲ್ಲಿ ನೆಲವೇ ಹೆಪ್ಪುಗಟ್ಟಿ ಗಡ್ಡೆ ಸಾಯುವುದು. ಅವರು ಒಣಗಿದ ಕಡ್ಡಿಗಳನ್ನು ಕತ್ತರಿಸಿ, ಬುಡಕ್ಕೆ ಎಲೆಗೊಬ್ಬರ ಹೊದಿಸಿ, ವಸಂತದವರೆಗೆ ತೋಟವನ್ನು ಮರೆತಿರಬಹುದು. ನಮ್ಮಲ್ಲಿ ಮಾಗಿಯ ಚಳಿ ಎಷ್ಟಿದ್ದರೂ ನೆಲ ಹೆಪ್ಪುಗಟ್ಟುವುದಿಲ್ಲ. ಆದರೆ ಹಿಮವು ಅಲ್ಲಿ ಮಾಡುವ ಕೆಲಸವನ್ನು ಇಲ್ಲಿ ಒಣಬಿಸಿಲು ಮಾಡಬಲ್ಲುದು. ಕಿತ್ತು ಹೊರಹಾಕಿದ ಗಡ್ಡೆಯು ನೀರಿಲ್ಲದೆ ಹದಿನೈದು ದಿನ ಬಿಸಿಲಿನಲ್ಲಿ ಚೆನ್ನಾಗಿ ಒಣಗಿದರೆ ಮತ್ತೆ ಚಿಗುರಲಾರದು. ಇದಕ್ಕೆ ಅನುಕೂಲವಾದ ಕಾಲ, ಸ್ವಾತಿ ವಿಶಾಖಗಳ ಮಳೆ ನಿಂತ ಮೇಲೆ, ಅಂದರೆ ನವೆಂಬರ್ ಕೊನೆಯಿಂದ ಜನವರಿಯವರೆಗೆ. ಗುಂಡುಮಲ್ಲಿಗೆಯ ಗಿಡವನ್ನು ಸವರುವುದೂ ಇದೇ ಕಾಲದಲ್ಲಿ. ಎರಡು ಕೆಲಸಗಳನ್ನೂ ಕೂಡಿಸಿ ಮಾಡತಕ್ಕದ್ದು.

ಮೊದಲು ನೀರು ಹಾಯಿಸುವುದನ್ನು ನಿಲ್ಲಿಸಬೇಕು. ನೆಲ ಆರಿದ ಮೇಲೆ ಗಿಡವನ್ನು ನೆಲದಿಂದ ಒಂದೂವರೆ ಅಡಿ ಎತ್ತರದಲ್ಲಿ ಸವರಿ, ಒಣಗಿದ ಹಾಗೂ ರೋಗ ತಗುಲಿದ ರೆಂಬೆಗಳನ್ನು ತೆಗೆದು ಸುಡುವುದು. ಅನಂತರ ಸಾಲುಗಳ ನಡುವೆ ಮುಳ್ಳುಗುದ್ದಲಿಯಿಂದ ಒಂಬತ್ತು ಅಂಗುಲ ಆಳಕ್ಕೆ ಮಣ್ಣನ್ನು ಎಬ್ಬಿಸಬೇಕು. ಗಡ್ಡೆಗಳಲ್ಲಿ ಬಹುಪಾಲು ಮೇಲಿನ ಆರು ಅಂಗುಲದಲ್ಲಿಯೇ ಇರುವುವು. ಅಲಗಿನ ಗುದ್ದಲಿ ಈ ಕೆಲಸಕ್ಕೆ ಬಾರದು. ಅದು ಎಳೆಯನ್ನು ಕತ್ತರಿಸುವುದು. ಮಲ್ಲಿಗೆಯ ಬುಡದ ಸುತ್ತ ಮೂರು ಅಂಗುಲಕ್ಕಿಂತ ಆಳ ಹೋಗದೆ ಕೈಯಿಂದಲೇ ಆರಿಸತಕ್ಕದ್ದು. ಎದ್ದ ಹೆಂಟೆಗಳನ್ನು ಒಡೆಯದೆ ಹದಿನೈದು ದಿನ ಬಿಸಿಲಿಗೆ ಬಿಡುವುದು. ಹೀಗೆ ಬಿಟ್ಟಿರುವಾಗ ತೋಟಕ್ಕೆ ಒಂದು ಕೊಡ ನೀರು ಬಿದ್ದರೂ ಶ್ರಮ ವ್ಯರ್ಥವಾಗುವುದು.

ಕೂಲಿಯ ವಿಚಾರವಾಗಿ ಒಂದು ಮಾತು. ಸಾಲಿನ ಲೆಕ್ಕದಲ್ಲಿ ಕೂಲಿ ಗೊತ್ತುಮಾಡಿದರೆ ಮೇಲಿನ ಹುಲ್ಲು ಹೋಗಿ ಗಡ್ಡೆ ಉಳಿಯುವುದು. ಆ ತಪ್ಪು ಕೆಲಸದ ಹೆಂಗಸರದಲ್ಲ, ಲೆಕ್ಕದ್ದು. ದಿನಗೂಲಿಯ ಮೇಲೆ, ಆರಿಸಿದ ಗಡ್ಡೆಗೆ ಬುಟ್ಟಿಗಿಷ್ಟೆಂದು ಕೊಟ್ಟು ನೋಡಬೇಕು. ಹಾಗೆ ಕೂಡಿದ ಗಡ್ಡೆಯನ್ನು ತಿಪ್ಪೆಗೆ ಮಾತ್ರ ಎಸೆಯಕೂಡದು. ಬಂಡೆಯ ಮೇಲೆ ಪೂರ್ತಿ ಒಣಗಿಸಿ ಸುಡಬಹುದು. ತುಂಗಮುಸ್ತೆಯೆಂಬ ಹೆಸರಿನಿಂದ ಇದು ಔಷಧಕ್ಕೂ ಸಲ್ಲುವುದಾದ್ದರಿಂದ ಗಂಧಿಗೆ ಅಂಗಡಿಯವರು ಕೊಂಡರೂ ಕೊಳ್ಳಬಹುದು!

ಬಳಿಕ ಗಿಡವೊಂದಕ್ಕೆ ಹತ್ತು ಕಿಲೋಗ್ರಾಂನಷ್ಟು ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರವನ್ನು ಹಾಕಿ ನೀರು ಕೊಡುವುದು. ಆಗ ಉಳಿದ ಗಡ್ಡೆಗಳು ಚಿಗುರಿಯೇ ಚಿಗುರುವುವು. ಅನೇಕರು ಇಲ್ಲಿಯೇ ಧೈರ್ಯಗೆಡುವರು. ಚಿಗುರಿದ ಗಿಡವು ಮೊದಲ ಕೆಲವು ವಾರ ಹಳೆಯ ಗಡ್ಡೆಯ ಸಾರವನ್ನು ಉಂಡು ಬೆಳೆದು, ಅನಂತರ ಹೊಸ ಗಡ್ಡೆ ಕಟ್ಟಲು ತೊಡಗುವುದು. ಆದುದರಿಂದ ಮೂರು ವಾರ ತುಂಬುವುದರೊಳಗೆ ಪ್ರತಿಸಲವೂ ಕಿತ್ತರೆ ಗಡ್ಡೆಯ ಗಂಟು ಬರಿದಾಗುತ್ತ ಬರುವುದು. ಅಮೆರಿಕದ ಅಲಬಾಮ ಪ್ರಾಂತದಲ್ಲಿ ನಡೆದು 1938 ರಲ್ಲಿ ಪ್ರಕಟವಾದ ಪ್ರಯೋಗಗಳಲ್ಲಿ, ಮೂರು ವಾರಕ್ಕೊಮ್ಮೆ ತಪ್ಪದೆ ಉತ್ತು, ಎರಡು ಬೆಳೆಗಾಲಗಳಲ್ಲಿ ಈ ಕಳೆಯನ್ನು ನಿರ್ಮೂಲ ಮಾಡಿದರು. ನಮ್ಮ ಹಿತ್ತಿಲುಗಳಲ್ಲಿಯೂ ಎರಡು ವರ್ಷಕ್ಕೆ ಕಡಮೆಯಾಗಿ ಫಲವನ್ನು ನಿರೀಕ್ಷಿಸಬಾರದು.

ಜೇಕಿಗೆ ನೆರಳು ಆಗದು. ಮುಂಗಾರಿನ ಮಳೆ ಹಿಡಿದೊಡನೆ ಸಾಲುಗಳ ನಡುವೆ ಅಲಸಂದೆಯನ್ನಾಗಲಿ ಅಪ್ಸೆಣಬನ್ನಾಗಲಿ ಒತ್ತಾಗಿ ಬಿತ್ತಿದರೆ ಅದರ ಮಿಕ್ಕ ಬಲವೂ ಕುಂದುವುದು. ಭತ್ತದ ಹುಲ್ಲನ್ನು ತೆಳ್ಳಗೆ ಹೊದಿಸುವುದರಿಂದ ಪ್ರಯೋಜನವಿಲ್ಲ. ಸೂಜಿಯಂತಹ ಮೊಳಕೆ ಅದನ್ನು ತೂರಿ ಬರುವುದು. ಕಳೆನಾಶಕದ ಔಷಧಗಳನ್ನು ಹಿತ್ತಿಲಿನ ಇಕ್ಕಟ್ಟಿನಲ್ಲಿ ಸಿಂಪಡಿಸುವುದು ನನಗೆ ಸಮ್ಮತವಲ್ಲ. ಗಾಳಿಗೆ ಹನಿ ಹಾರಿ ಮಲ್ಲಿಗೆಯ ಎಳೆಯ ಚಿಗುರೇ ಮೊದಲು ಸುಡುವುದು.

ಗರಿಕೆಯನ್ನು ಇದೇ ಅಗೆತದಲ್ಲಿ ಗಿಣ್ಣು ಬಿಡದೆ ಆರಿಸಬಹುದು. ಕಾಂಗ್ರೆಸ್ ಗಿಡವನ್ನು ಹೂ ಬಿಡುವ ಮುನ್ನವೇ ಬೇರುಸಹಿತ ಕೀಳಬೇಕು. ಮೈ ತುರಿಕೆಯುಂಟಾಗುವುದರಿಂದ ಕೈಗೆ ಚೀಲ ಹಾಕಿಕೊಳ್ಳುವುದು ಅವಶ್ಯಕ.

ಇಷ್ಟೆಲ್ಲ ಮಾಡಿದ ತೋಟಕ್ಕೆ ಜೇಕು ಮತ್ತೆ ಬರುವ ಹಾದಿ ಎರಡು: ಕಳಿಯದ ಗೊಬ್ಬರ, ಮತ್ತು ಸಸಿಯ ಬೇರಿಗೆ ಅಂಟಿದ ಮಣ್ಣು. ಈ ಲೇಖಕನೇ ಒಮ್ಮೆ ಕನಕಾಂಬರದ ಸಸಿಗಳನ್ನು ಮಣ್ಣುಹೆಂಟೆಯೊಡನೆ ತಂದು ನೆಟ್ಟು, ಮುಂದಿನ ಮಳೆಗಾಲದಲ್ಲಿ ಜೇಕಿನ ಮಡಿಯನ್ನು ನೋಡಬೇಕಾಯಿತು. ನಂಜನಗೂಡಿನ ರಸಬಾಳೆಯನ್ನು ಪನಾಮಾ ಸೊರಗು ರೋಗವು ಹೇಗೆ ಕ್ಷೀಣಗೊಳಿಸಿತೆಂಬುದನ್ನು ಈ ಸೀಮೆಯವರು ಮರೆತಿಲ್ಲ. ಆ ರೋಗವೂ ಕಂದು ಮತ್ತು ಮಣ್ಣಿನೊಡನೆಯೇ ತೋಟದಿಂದ ತೋಟಕ್ಕೆ ದಾಟತಕ್ಕದ್ದು. ಸಸಿ ತರುವಾಗ ಬೇರನ್ನು ತೊಳೆದು ನೋಡತಕ್ಕದ್ದು. ನೆರೆಯವರ ಗುದ್ದಲಿಯನ್ನು ಮಣ್ಣು ಕೆರೆದಲ್ಲದೆ ತೋಟಕ್ಕೆ ತರಬಾರದು.

ಗ್ರಾಮದ ಮುಖಂಡರಿಂದ ಆಗಬೇಕಾದ ಕೆಲಸವೊಂದಿದೆ. ನಾಲೆಯ ಏರಿ, ಕಾಲುವೆಯ ಬದು, ಸಾರ್ವಜನಿಕ ತಿಪ್ಪೆಗುಂಡಿಗಳ ಅಂಚು, ಇವು ಯಾರ ಸ್ವತ್ತೂ ಅಲ್ಲವೆಂದು ಅಲ್ಲಿಯ ಕಳೆಯನ್ನು ಯಾರೂ ಕೇಳುವುದಿಲ್ಲ. ಹರಿಯುವ ನೀರು ಅಲ್ಲಿಂದ ಬೀಜವನ್ನೂ ಗಡ್ಡೆಯನ್ನೂ ಹೊತ್ತು ಎಲ್ಲರ ಹಿತ್ತಿಲಿಗೂ ಹಂಚುವುದು. ಫಾಲ್ಗುಣದ ದೊಡ್ಡ ಜಾತ್ರೆಯ ಗದ್ದಲ ತೊಡಗುವುದಕ್ಕೆ ಮುಂಚೆ, ಮಾಗಿಯಲ್ಲಿ ಆಳುಗಳು ಬಿಡುವಾಗಿರುವಾಗ, ಊರೊಟ್ಟಿನಿಂದ ಎರಡು ದಿನ ಈ ಸ್ಥಳಗಳನ್ನು ಅಗೆಯಿಸಿ ಶುಚಿಮಾಡಿಸಬೇಕು. ಭರಣಿಯ ಮೊದಲ ಮಳೆ ಬಿದ್ದ ಮೇಲೆ ಕೆಲಸಕ್ಕೆ ಹೊರಟರೆ ಗಡ್ಡೆ ಒಣಗುವುದಿಲ್ಲ. ಮುಂದಿನ ಮಾಗಿಯವರೆಗೆ ಕಾಯಬೇಕಾಗುವುದು.